ಮಗುವಿನ ತಲೆಗೆ ಪೆಟ್ಟು: ಸ್ಕ್ಯಾನ್‌ಗಿಂತ ಮೊದಲು ನಡೆಯಬೇಕಾದದ್ದು

ತಲೆಗೆ ಪೆಟ್ಟಾದ ಮಗುವನ್ನು ಎತ್ತಿಕೊಂಡು ತುರ್ತು ಚಿಕಿತ್ಸಾ ಘಟಕಕ್ಕೆ ಓಡಿಬರುವ ಹೆತ್ತವರ ಮೊದಲ ಮಾತು ಹೆಚ್ಚಾಗಿ ಒಂದೇ ಆಗಿರುತ್ತದೆ: ‘ಡಾಕ್ಟರೇ, ಮೊದಲು ಸ್ಕ್ಯಾನ್ ಮಾಡಿಸಿಬಿಡಿ.’ ತೀರ್ಥಹಳ್ಳಿಯ ಆಚೆಯಿಂದಲೋ ಹೊಸನಗರದ ಕಡೆಯಿಂದಲೋ ತಿರುವುಮುರುವಿನ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಶಿವಮೊಗ್ಗ ಮುಟ್ಟಿದವರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಅಷ್ಟು ದೂರ ಬಂದದ್ದೇ ಆ ಯಂತ್ರಕ್ಕಾಗಿ ಎಂದು ಅವರು ನಂಬಿರುತ್ತಾರೆ. ಆದರೆ ವೈದ್ಯರು ಮಗುವಿನ ಕಣ್ಣು ನೋಡಿ, ತಲೆಯನ್ನು ಬೆರಳಿನಿಂದ ಸವರಿ, ಒಂದಿಷ್ಟು ಪ್ರಶ್ನೆ ಕೇಳಿ, ‘ಈಗ ಸ್ಕ್ಯಾನ್ ಬೇಡ, ನಾಲ್ಕಾರು ಗಂಟೆ ಇಲ್ಲೇ ಇರಲಿ’ ಎನ್ನುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿರುವ ಇನ್ನೊಂದು ಮಗುವಿಗೆ ಸ್ಕ್ಯಾನ್ ಬೇಕೇ ಬೇಕು; ಅದನ್ನೂ ತಕ್ಷಣ ಕರೆದೊಯ್ಯದೆ ಗಂಟಲಿಗೆ ಕೊಳವೆ ಹಾಕುತ್ತಾ, ರಕ್ತನಾಳ ಹುಡುಕುತ್ತಾ ಇರುತ್ತಾರೆ. ಎರಡೂ ಮನೆಯವರಿಗೆ ಅನ್ನಿಸುವುದು ಒಂದೇ: ಇವರು ಹೊತ್ತು ಕಳೆಯುತ್ತಿದ್ದಾರೆ.

ಹಾಗಲ್ಲ ಎಂಬುದನ್ನು ಬಿಡಿಸಿ ಹೇಳಲು ಈ ಲೇಖನ. ಗಾಬರಿಯ ಹೊತ್ತಿನಲ್ಲಿ ಯಾರೂ ವಿವರಿಸಲು ಬಿಡುವಾಗಿರುವುದಿಲ್ಲ, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಮನೆಯವರೂ ಇರುವುದಿಲ್ಲ. ಆದ್ದರಿಂದ ಮಕ್ಕಳೆಲ್ಲ ಕ್ಷೇಮವಾಗಿರುವ ದಿನವೇ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಎರಡು ಹಾನಿಗಳು

ಪೆಟ್ಟು ಬಿದ್ದ ಕ್ಷಣದಲ್ಲೇ ಮಿದುಳಿಗೆ ಒಂದಷ್ಟು ಹಾನಿ ಆಗಿಹೋಗಿರುತ್ತದೆ. ಜಜ್ಜಿದ ಅಂಗಾಂಶವನ್ನಾಗಲಿ ಹರಿದ ನರತಂತುವನ್ನಾಗಲಿ ಮತ್ತೆ ಮೊದಲಿನಂತೆ ಮಾಡುವ ಔಷಧ ಯಾವ ಊರಿನಲ್ಲಿಯೂ ಇಲ್ಲ. ಇದು ಪ್ರಾಥಮಿಕ ಹಾನಿ. ಆನಂತರದ ನಿಮಿಷಗಳಲ್ಲಿ, ಗಂಟೆಗಳಲ್ಲಿ ಇನ್ನೊಂದು ಹಾನಿ ಶುರುವಾಗುತ್ತದೆ. ಉಸಿರಾಟ ಸರಿಯಿಲ್ಲದೆ ಮಿದುಳಿಗೆ ಆಮ್ಲಜನಕ ಸಾಲುವುದಿಲ್ಲ, ರಕ್ತದೊತ್ತಡ ಕುಸಿದು ರಕ್ತವೇ ತಲುಪುವುದಿಲ್ಲ, ರಕ್ತದ ಸಕ್ಕರೆ ಇಳಿಯುತ್ತದೆ, ಫಿಟ್ಸ್ ಬರುತ್ತದೆ, ತಲೆಬುರುಡೆಯೊಳಗೆ ರಕ್ತ ಸೇರಿ, ಮಿದುಳು ಊದಿ ಒತ್ತಡ ಏರುತ್ತದೆ. ಇದು ದ್ವಿತೀಯ ಹಾನಿ. ಮೊದಲ ಪೆಟ್ಟಿನಿಂದ ಉಳಿದ ಮಗುವನ್ನು ಕಸಿದುಕೊಳ್ಳುವುದು ಅನೇಕ ಸಲ ಇದೇ. ತುರ್ತು ಘಟಕದ ಕೆಲಸವೆಲ್ಲ ಈ ಎರಡನೆಯ ಹಾನಿಗೆ ಎದುರಾಗಿ ನಡೆಯುತ್ತದೆ. ಸ್ಕ್ಯಾನ್ ಹಾನಿಯನ್ನು ತೋರಿಸುತ್ತದೆ, ತಡೆಯುವುದಿಲ್ಲ.

ಮಕ್ಕಳ ತಲೆಗೆ ಇಷ್ಟು ಪೆಟ್ಟಾಗುವುದು ಅವರ ಮೈಕಟ್ಟಿನಿಂದಲೇ. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ ಇರುತ್ತದೆ. ದೊಡ್ಡವರಲ್ಲಿ ಅದು ಎಂಟನೆಯ ಒಂದು ಭಾಗದಷ್ಟು. ಭಾರವಾದ ತಲೆ, ಬಲವಿಲ್ಲದ ಕತ್ತು. ಜಗಲಿಯಿಂದ ಜಾರಿದ ಮಗು ತಲೆ ಮುಂದಾಗಿಯೇ ಅಂಗಳಕ್ಕೆ ಬೀಳುತ್ತದೆ. ಬುರುಡೆಯ ಮೂಳೆಯೂ ತೆಳು. ಎಳೆಗೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲ. ಅದು ಒಂದು ರೀತಿಯಲ್ಲಿ ರಕ್ಷಣೆ, ಏಕೆಂದರೆ ಒಳಗಿನ ಒತ್ತಡಕ್ಕೆ ತುಸು ಜಾಗ ಸಿಗುತ್ತದೆ. ಆದರೆ ಅದೇ ಕಾರಣದಿಂದ ಅಪಾಯದ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳುತ್ತವೆ. ನೆತ್ತಿ ಉಬ್ಬಿ ಬಿಗಿಯಾಗಿದೆಯೇ ಎಂದು ವೈದ್ಯರು ಮುಟ್ಟಿ ನೋಡುವುದು ಇದಕ್ಕಾಗಿಯೇ.

ಬಾಗಿಲು ದಾಟಿದ ಮೊದಲ ನಿಮಿಷಗಳು

ಮಗುವಿನ ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸಾಕಷ್ಟಿದೆಯೇ, ರಕ್ತ ಸಂಚಾರ ಹೇಗಿದೆ, ಪ್ರಜ್ಞೆ ಎಷ್ಟಿದೆ, ಮೈಮೇಲೆ ಬೇರೆ ಗಾಯವಿದೆಯೇ. ಈ ಅನುಕ್ರಮವನ್ನು ಜಗತ್ತಿನ ಬಹುತೇಕ ತುರ್ತು ಘಟಕಗಳು ಪಾಲಿಸುತ್ತವೆ. ತಲೆಯಿಂದ ಎಷ್ಟೇ ರಕ್ತ ಸುರಿಯುತ್ತಿರಲಿ, ಉಸಿರನ್ನು ಬಿಟ್ಟು ಅದರತ್ತ ಹೋಗುವಂತಿಲ್ಲ. ಕೈ ಸಾಕಷ್ಟಿದ್ದರೆ ಒಬ್ಬರು ಗಾಯವನ್ನು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಉಸಿರು ನೋಡುತ್ತಾರೆ.

ಮಕ್ಕಳ ವಿಚಾರದಲ್ಲಿ ಕೆಲವು ಸೂಕ್ಷ್ಮಗಳಿವೆ. ಕೂಸನ್ನು ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದರೆ ತಲೆಯ ದೊಡ್ಡ ಹಿಂಭಾಗದಿಂದಾಗಿ ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಹೆಗಲಿನ ಕೆಳಗೆ ಮಡಚಿದ ಟವೆಲ್ ಇಟ್ಟರೆ ಅದು ನೇರವಾಗುತ್ತದೆ. ಖರ್ಚಿಲ್ಲದ ಈ ಉಪಾಯ ಜೀವ ಉಳಿಸಬಲ್ಲದು. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಕತ್ತಿನ ಮೂಳೆಗೆ ಪೆಟ್ಟಾದರೆ ಅದು ಹೆಚ್ಚಾಗಿ ಮೇಲಿನ ಮೂಳೆಗಳಲ್ಲೇ ಆಗಿರುತ್ತದೆ, ಹಾಗಾಗಿ ಕತ್ತನ್ನು ಅಲುಗಾಡಿಸದೆ ಇದನ್ನೆಲ್ಲ ಮಾಡಬೇಕು.

ರಕ್ತದ ಲೆಕ್ಕವೂ ಬೇರೆ. ಮಗುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತ. ಎಂಟು ಕಿಲೋದ ಕೂಸಿನಲ್ಲಿ ಇರುವುದೆಲ್ಲ ಸೇರಿ 640 ಮಿಲಿಲೀಟರ್, ಅರ್ಧ ಲೀಟರಿನ ಹಾಲಿನ ಪೊಟ್ಟಣಕ್ಕಿಂತ ತುಸು ಹೆಚ್ಚು. ತಾಯಿಯ ಸೀರೆಯ ಸೆರಗು ತೊಯ್ದಿದೆ ಎಂದರೆ ದೊಡ್ಡವರಲ್ಲಿ ಸಣ್ಣದೆನಿಸುವ ಆ ನಷ್ಟ ಇಲ್ಲಿ ದೊಡ್ಡದೇ. ಹಾಗಿದ್ದೂ ಮಗುವಿನ ದೇಹ ರಕ್ತದೊತ್ತಡವನ್ನು ಕೊನೆಯವರೆಗೆ ಕಾಪಾಡಿಕೊಳ್ಳುತ್ತದೆ. ನಾಲ್ಕನೆಯ ಒಂದು ಭಾಗ ರಕ್ತ ಹೋದರೂ ಯಂತ್ರದಲ್ಲಿ ಒತ್ತಡ ಸರಿಯಾಗಿಯೇ ಕಾಣಬಹುದು. ಮೊದಲು ಸುಳಿವು ಕೊಡುವುದು ಓಡುವ ನಾಡಿ, ತಣ್ಣಗಾದ ಅಂಗೈ, ಉಗುರನ್ನು ಒತ್ತಿ ಬಿಟ್ಟಾಗ ನಿಧಾನವಾಗಿ ಮರಳುವ ಕೆಂಪು. ಒತ್ತಡ ಬಿದ್ದಿತು ಎನ್ನುವಷ್ಟರಲ್ಲಿ ತಡವಾಗಿರುತ್ತದೆ. ಒಂದರಿಂದ ಹತ್ತು ವರ್ಷದ ಮಕ್ಕಳಲ್ಲಿ ಮೇಲಿನ ರಕ್ತದೊತ್ತಡದ ಕನಿಷ್ಠ ಮಿತಿಗೆ ಒಂದು ಸುಲಭ ಸೂತ್ರವಿದೆ: ವಯಸ್ಸನ್ನು ಎರಡರಿಂದ ಗುಣಿಸಿ 70 ಸೇರಿಸುವುದು. ಐದು ವರ್ಷದ ಮಗುವಿಗೆ 80. ಮಿದುಳಿಗೆ ಪೆಟ್ಟಾಗಿದ್ದರೆ ಇದಕ್ಕಿಂತ ಸಾಕಷ್ಟು ಮೇಲೆಯೇ ಇರಬೇಕು.

ಇಲ್ಲೇ ಮರೆಯಬಾರದ ಒಂದು ಸಂಗತಿ ಇದೆ. ತಲೆಗೆ ಪೆಟ್ಟಾದ ಮಗುವಿನ ರಕ್ತದೊತ್ತಡ ಕುಸಿಯುತ್ತಿದ್ದರೆ ಕಾರಣವನ್ನು ತಲೆಯೊಳಗೆ ಹುಡುಕಬಾರದು. ಎಳೆಗೂಸುಗಳನ್ನು ಬಿಟ್ಟರೆ, ಬುರುಡೆಯೊಳಗಿನ ರಕ್ತಸ್ರಾವದಿಂದ ಒತ್ತಡ ಹಾಗೆ ಬೀಳುವುದು ಅಪರೂಪ. ಹೊಟ್ಟೆಯನ್ನು ನೋಡಬೇಕು, ಎದೆಯನ್ನು ನೋಡಬೇಕು, ತೊಡೆಯ ಮೂಳೆಯನ್ನು ನೋಡಬೇಕು. ಮಕ್ಕಳ ಪಕ್ಕೆಲುಬು ಬಾಗುವಂಥದ್ದು. ಮುರಿಯದೆಯೇ ಒಳಗಿನ ಶ್ವಾಸಕೋಶ ಜಜ್ಜಿಹೋಗಿರುತ್ತದೆ. ಯಕೃತ್ತು, ಗುಲ್ಮಗಳಿಗೆ ಪಕ್ಕೆಲುಬಿನ ಮರೆ ಕಡಿಮೆ. ಸೈಕಲ್‌ನಿಂದ ಬಿದ್ದ ಹುಡುಗನ ಹೊಟ್ಟೆಯ ಮೇಲೆ ಹ್ಯಾಂಡಲ್‌ನ ದುಂಡು ಗುರುತು ಕಂಡರೆ ತಲೆಯ ಗಾಯಕ್ಕಿಂತ ಅದೇ ಹೆಚ್ಚು ಚಿಂತೆಯದ್ದಾಗಬಹುದು.

ಪ್ರಜ್ಞೆಯನ್ನು ಅಳೆಯಲು ಗ್ಲಾಸ್ಗೋ ಮಾಪನವಿದೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ನರಶಸ್ತ್ರವೈದ್ಯರು ರೂಪಿಸಿದ್ದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6. ಒಟ್ಟು 15 ಇದ್ದರೆ ಪೂರ್ಣ ಎಚ್ಚರ, 3 ತೀರಾ ಕನಿಷ್ಠ. ಮಾತು ಬಾರದ ಕೂಸಿಗೆ ಕೇಕೆ, ತೊದಲು, ಅಳುವಿನ ಬಗೆಯನ್ನೇ ಮಾತಿನ ಅಂಕವಾಗಿ ಎಣಿಸುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಮಗು ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳಲಾರದು ಎಂದು ತಿಳಿದು ಗಂಟಲಿಗೆ ಕೊಳವೆ ಹಾಕುತ್ತಾರೆ. ಅಂಕ ಒಂದು ಸಲ ಎಷ್ಟಿತ್ತು ಎನ್ನುವುದಕ್ಕಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಸಾಗರದಲ್ಲಿ 14 ಇದ್ದದ್ದು ಶಿವಮೊಗ್ಗದಲ್ಲಿ 12 ಆಗಿದ್ದರೆ ಆ ಎರಡು ಅಂಕಗಳು ಯಾವ ಸ್ಕ್ಯಾನ್‌ಗಿಂತಲೂ ಮೊದಲು ಅಪಾಯವನ್ನು ಸಾರುತ್ತಿರುತ್ತವೆ.

ಯಾವ ಮಗುವಿಗೆ ಸಿ.ಟಿ. ಬೇಕು?

ಪ್ರಜ್ಞೆ ಸ್ಪಷ್ಟವಾಗಿ ಕುಗ್ಗಿರುವ ಮಗುವಿನ ಬಗ್ಗೆ ಗೊಂದಲವಿಲ್ಲ. ಉಸಿರು, ರಕ್ತದೊತ್ತಡ ಹತೋಟಿಗೆ ಬಂದ ಕೂಡಲೇ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಕಷ್ಟದ ಪ್ರಶ್ನೆ ಇರುವುದು ಗ್ಲಾಸ್ಗೋ ಅಂಕ 14 ಅಥವಾ 15 ಇರುವ, ಅಳುತ್ತಾ ಅಮ್ಮನ ಕೊರಳು ತಬ್ಬಿಕೊಂಡಿರುವ ಮಗುವಿನ ವಿಷಯದಲ್ಲಿ. ತುರ್ತು ಘಟಕಕ್ಕೆ ಬರುವ ಬಹುಪಾಲು ಮಕ್ಕಳು ಇಂಥವರೇ.

ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಅಧ್ಯಯನವನ್ನು ಪೆಕಾರ್ನ್ ಎಂಬ ಮಕ್ಕಳ ತುರ್ತು ಚಿಕಿತ್ಸಾ ಸಂಶೋಧನಾ ಜಾಲ ಉತ್ತರ ಅಮೆರಿಕದ 25 ತುರ್ತು ಘಟಕಗಳಲ್ಲಿ ನಡೆಸಿತು. ನೇಥನ್ ಕಪ್ಪರ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 42,412 ಮಕ್ಕಳಿದ್ದರು. ಅವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಕ್ಕಳಿಗೆ ಸಿ.ಟಿ. ಆಗಿತ್ತು, ಚಿಕಿತ್ಸೆ ಬೇಡುವಂಥ ಮಿದುಳಿನ ಗಾಯ ಕಂಡದ್ದು ಒಟ್ಟು 376 ಮಕ್ಕಳಲ್ಲಿ, ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಯಾರಿಗೆ ಸ್ಕ್ಯಾನ್ ಬೇಡ ಎಂಬುದನ್ನು ಧೈರ್ಯವಾಗಿ ಹೇಳಲು ವೈದ್ಯರಿಗೆ ಇದು ಆಧಾರ ಕೊಟ್ಟಿತು.

ಎರಡು ವರ್ಷದೊಳಗಿನ ಕೂಸುಗಳಿಗೆ ಒಂದು ಅಳತೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಇನ್ನೊಂದು. ಕೂಸಿನಲ್ಲಿ ಪ್ರಜ್ಞೆ ಮಂಕಾಗಿದ್ದರೆ ಅಥವಾ ಬುರುಡೆ ಮುರಿದಿರುವುದು ಬೆರಳಿಗೆ ತಾಕಿದರೆ ಅಪಾಯ ನೂರಕ್ಕೆ ನಾಲ್ಕರಷ್ಟು. ಅಲ್ಲಿ ಸ್ಕ್ಯಾನ್ ಖಚಿತ. ಹಣೆಯನ್ನು ಬಿಟ್ಟು ತಲೆಯ ಪಕ್ಕದಲ್ಲೋ ಹಿಂದೆಯೋ ಊತ, ಐದು ಸೆಕೆಂಡಿಗೂ ಹೆಚ್ಚು ಪ್ರಜ್ಞೆ ತಪ್ಪಿದ್ದು, ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದು, ಮಗು ಎಂದಿನಂತಿಲ್ಲ ಎಂದು ಹೆತ್ತವರು ಹೇಳುವುದು ಇವುಗಳಲ್ಲಿ ಯಾವುದಿದ್ದರೂ ಅಪಾಯ ನೂರಕ್ಕೆ ಒಂದರ ಆಸುಪಾಸು. ಅಲ್ಲಿ ಸ್ಕ್ಯಾನ್ ಮಾಡಬಹುದು, ಕಾದು ನೋಡಲೂಬಹುದು. ಇದಾವುದೂ ಇಲ್ಲದ ಕೂಸಿನಲ್ಲಿ ಅಪಾಯ ಐದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ಎರಡು ವರ್ಷ ದಾಟಿದ ಮಕ್ಕಳಲ್ಲಿ ಬುರುಡೆಯ ತಳ ಮುರಿದಿರುವ ಗುರುತುಗಳನ್ನು ಹುಡುಕುತ್ತಾರೆ: ಎರಡೂ ಕಣ್ಣಿನ ಸುತ್ತ ಕಪ್ಪು, ಕಿವಿಯ ಹಿಂದೆ ನೀಲಿ, ಮೂಗು ಅಥವಾ ಕಿವಿಯಿಂದ ತಿಳಿನೀರು. ಇವು ಅಥವಾ ಮಂಕು ಇದ್ದರೆ ಸ್ಕ್ಯಾನ್. ಪ್ರಜ್ಞೆ ತಪ್ಪಿದ್ದು, ವಾಂತಿ, ವಿಪರೀತ ತಲೆನೋವು, ಐದು ಅಡಿಗಿಂತ ಎತ್ತರದಿಂದ ಬಿದ್ದದ್ದು ಅಥವಾ ವಾಹನ ಡಿಕ್ಕಿಯಂಥ ಜೋರು ಪೆಟ್ಟು ಮಧ್ಯದ ಗುಂಪು. ಬೇರೇನೂ ಇಲ್ಲದೆ ಬರೀ ಒಂದು ಸಲ ವಾಂತಿಯಾಗಿದ್ದರೆ ಭಯಪಡುವಂಥದ್ದು ಕಡಿಮೆ. ಮತ್ತೆ ಮತ್ತೆ ಆದರೆ, ಅಥವಾ ಜೊತೆಗೆ ಇನ್ನೊಂದು ಲಕ್ಷಣ ಸೇರಿದರೆ ಲೆಕ್ಕ ಬದಲಾಗುತ್ತದೆ.

ಈ ಅಡಿಗಳನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಬೇಕು. ತೊಟ್ಟಿಲಿನಿಂದ ಉರುಳಿದ ಕೂಸು, ನಿಂತ ಅಜ್ಜಿಯ ಕಂಕುಳಿನಿಂದ ಜಾರಿದ ಕೂಸು ಒಂದೇ ಅಲ್ಲ. ಎರಡನೆಯದು ಮೂರು ಅಡಿ ಮೀರಿರುತ್ತದೆ. ಅಟ್ಟದ ಕಡಿದಾದ ಮೆಟ್ಟಿಲು, ಪೇರಳೆ ಮರ, ಓಡುವ ಟಿಲ್ಲರ್‌ನ ಟ್ರೈಲರ್ ಎಲ್ಲವೂ ಜೋರು ಪೆಟ್ಟಿನ ಲೆಕ್ಕವೇ. ಕೊಯ್ಲಿನ ಕಾಲದಲ್ಲಿ ಮೇಲಿನಿಂದ ಬೀಳುವ ಅಡಿಕೆ ಗೊನೆ, ತೆಂಗಿನಕಾಯಿ, ಹಲಸಿನ ಹಣ್ಣೂ ಹಾಗೆಯೇ. ಮಳೆಗಾಲದ ಹಾವಸೆಗಟ್ಟಿದ ಅಂಗಳದಲ್ಲಿ ಓಡುತ್ತಾ ಜಾರಿ ಹಣೆಗೆ ಬುಗುಟು ಬಂದ ಮಗು ಮಾತ್ರ ಹೆಚ್ಚಿನ ಸಲ ಕ್ಷೇಮವಾಗಿಯೇ ಇರುತ್ತದೆ. ಬುಗುಟು ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ನಮಗೆ ಭಯ. ಅದೇ ಕಿವಿಯ ಮೇಲೆ ಕೂದಲಿನ ಅಡಿಯಲ್ಲಿ ಮೆತ್ತಗೆ ಹರಡಿಕೊಂಡಿರುವ ಊತ ಯಾರ ಕಣ್ಣಿಗೂ ಬೀಳದು. ಎಳೆಗೂಸಿನಲ್ಲಿ ಹೆಚ್ಚು ಅಪಾಯದ ಊತ ಅದೇ.

ಈ ಪಟ್ಟಿಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದೆನಿಸುವುದು ‘ಮಗು ಎಂದಿನಂತಿಲ್ಲ’ ಎಂಬ ಹೆತ್ತವರ ಮಾತು. ತಾಯಿಯ ಅನಿಸಿಕೆಯನ್ನು ಗಾಬರಿ ಎಂದು ತಳ್ಳಿಹಾಕುವ ಅಭ್ಯಾಸ ಆಸ್ಪತ್ರೆಗಳಲ್ಲಿ ಇದೆ. ಆದರೆ ಸಾವಿರಾರು ಮಕ್ಕಳನ್ನು ಅಳೆದು ತೂಗಿ ಮಾಡಿದ ಸೂತ್ರದಲ್ಲೇ ಆ ಮಾತಿಗೆ ಜಾಗವಿದೆ. ಹಾಗಾಗಿ ಸಂಕೋಚಪಡದೆ ಹೇಳಿ. ‘ಇವನು ಇಷ್ಟು ಹೊತ್ತಿಗೆ ಎದ್ದು ಓಡಾಡಬೇಕಿತ್ತು’, ‘ಇವಳು ನನ್ನ ದನಿಗೆ ತಿರುಗುತ್ತಿಲ್ಲ’ ಎಂಬುದು ವೈದ್ಯರಿಗೆ ಬೇರೆ ಯಾರಿಂದಲೂ ಸಿಗದ ಮಾಹಿತಿ.

ಹಾಗಾದರೆ ಎಲ್ಲರಿಗೂ ಒಂದು ಸ್ಕ್ಯಾನ್ ಮಾಡಿಬಿಟ್ಟರೆ ಏನಾಗುತ್ತದೆ? ಸಿ.ಟಿ.ಯಲ್ಲಿ ಕ್ಷಕಿರಣಗಳಿವೆ. ಬೆಳೆಯುತ್ತಿರುವ ಅಂಗಾಂಶ ಅವುಗಳಿಗೆ ಹೆಚ್ಚು ಸೂಕ್ಷ್ಮ, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ ಹತ್ತು ಸಾವಿರ ಮಕ್ಕಳಿಗೆ ತಲೆಯ ಸಿ.ಟಿ. ಮಾಡಿದರೆ ಮುಂದಿನ ಹತ್ತು ವರ್ಷಗಳಲ್ಲಿ ಒಂದು ಹೆಚ್ಚುವರಿ ರಕ್ತದ ಕ್ಯಾನ್ಸರ್, ಒಂದು ಹೆಚ್ಚುವರಿ ಮಿದುಳಿನ ಗೆಡ್ಡೆ ಬರಬಹುದು. ಇದು ಬಹಳ ಸಣ್ಣ ಅಪಾಯ. ಬೇಕಾದ ಮಗುವಿಗೆ ಈ ಕಾರಣಕ್ಕೆ ಸ್ಕ್ಯಾನ್ ತಪ್ಪಿಸುವುದು ಮೂರ್ಖತನ. ಬೇಡದ ಮಗುವಿಗೆ ಮಾಡಿಸುವುದೂ ಸರಿಯಲ್ಲ. ಜೊತೆಗೆ ಎರಡು ವರ್ಷದ ಮಗು ಯಂತ್ರದೊಳಗೆ ಅಲುಗಾಡದೆ ಮಲಗುವುದಿಲ್ಲ. ಕೆಲವೊಮ್ಮೆ ನಿದ್ದೆಯ ಔಷಧ ಕೊಡಬೇಕಾಗುತ್ತದೆ, ಆಗ ಮಗು ಪೆಟ್ಟಿನಿಂದ ಮಂಪರಾಗಿದೆಯೋ ಔಷಧದಿಂದಲೋ ತಿಳಿಯದು.

ಕಾದು ನೋಡುವುದೆಂದರೆ ಸುಮ್ಮನೆ ಕೂರಿಸುವುದಲ್ಲ. ಪೆಟ್ಟಾದ ಹೊತ್ತಿನಿಂದ ನಾಲ್ಕರಿಂದ ಆರು ಗಂಟೆಗಳ ಕಾಲ, ಮೊದಲಿಗೆ ಅರ್ಧ ಗಂಟೆಗೊಮ್ಮೆ ಪ್ರಜ್ಞೆಯ ಅಂಕ, ಕಣ್ಣಿನ ಪಾಪೆ, ನಾಡಿ, ಉಸಿರು ಬರೆದಿಡುತ್ತಾರೆ. ಮಗು ಆಡುತ್ತಿದೆಯೇ, ಬಿಸ್ಕತ್ತು ತಿಂದು ದಕ್ಕಿಸಿಕೊಂಡಿತೇ, ನೇರವಾಗಿ ನಡೆಯಿತೇ ಎಂದು ನೋಡುತ್ತಾರೆ. ಆರಂಭದಲ್ಲಿ ಮಾಡಿದ ಸ್ಕ್ಯಾನ್ ಆ ಒಂದು ಗಳಿಗೆಯ ಚಿತ್ರ ಮಾತ್ರ ಕೊಡುತ್ತದೆ. ಈ ಗಮನಿಕೆ ಗಂಟೆಗಳುದ್ದಕ್ಕೂ ನಡೆಯುವ ಪರೀಕ್ಷೆ.

ಆದರೆ ಪೆಕಾರ್ನ್ ಅಧ್ಯಯನ ನಡೆದ ಊರುಗಳ ಕುಟುಂಬಗಳಿಗೂ ನಮ್ಮವರಿಗೂ ಒಂದು ವ್ಯತ್ಯಾಸವಿದೆ, ಅದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಶಿವಮೊಗ್ಗದ ವಿನೋಬನಗರದವರಿಗೆ ‘ವಾಂತಿಯಾದರೆ ಮತ್ತೆ ಕರೆತನ್ನಿ’ ಎಂದು ಕಳಿಸಬಹುದು. ಆಗುಂಬೆಯ ಆಚೆಯ ಒಂಟಿಮನೆಯವರಿಗೆ, ಆಷಾಢದ ರಾತ್ರಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ಅದೇ ಮಾತು ಹೇಳಿ ಕಳಿಸುವುದು ಸಲ್ಲದು. ಅಂಥ ಮಗುವನ್ನು ಬೆಳಗಿನವರೆಗೆ ಇರಿಸಿಕೊಳ್ಳಬೇಕು, ಇಲ್ಲವೇ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯಲು ಹೇಳಬೇಕು. ನಿಮ್ಮ ಮನೆ ಎಲ್ಲಿದೆ, ವಾಹನವಿದೆಯೇ, ದಾರಿ ಹೇಗಿದೆ ಎಂಬುದನ್ನು ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಸ್ಥಿತಿ ಹದಗೆಟ್ಟರೆ

ಬಿದ್ದು ಎದ್ದು ಮಾತಾಡಿದ ಮಗು ಕೆಲವು ಗಂಟೆಗಳ ಬಳಿಕ ಇದ್ದಕ್ಕಿದ್ದಂತೆ ಮಂಪರಿಗೆ ಜಾರುವುದುಂಟು. ಬುರುಡೆ ಮತ್ತು ಮಿದುಳಿನ ಹೊರಪೊರೆಯ ನಡುವೆ ನಿಧಾನವಾಗಿ ರಕ್ತ ಸೇರುತ್ತಿದ್ದರೆ ಹೀಗಾಗುತ್ತದೆ. ಇದನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ನರಶಸ್ತ್ರವೈದ್ಯರು ಹೆಪ್ಪನ್ನು ತೆಗೆದರೆ ಮಗು ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದಲೇ ಆ ಗಂಟೆಗಳ ಗಮನಿಕೆಗೆ ಅಷ್ಟು ಬೆಲೆ. ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿರುವುದು, ನಾಡಿ ನಿಧಾನವಾಗಿ ರಕ್ತದೊತ್ತಡ ಏರುವುದು, ಉಸಿರು ಏರುಪೇರಾಗುವುದು ಇವು ಒಳಗಿನ ಒತ್ತಡ ಮಿತಿ ಮೀರಿದ ಲಕ್ಷಣಗಳು.

ಆಗ ಹಾಸಿಗೆಯ ತಲೆಯ ಕಡೆಯನ್ನು 30 ಡಿಗ್ರಿ ಎತ್ತರಿಸಿ, ಕತ್ತನ್ನು ನೇರವಾಗಿಡುತ್ತಾರೆ. ರಕ್ತ ತಲೆಯಿಂದ ಸಲೀಸಾಗಿ ಇಳಿಯಲಿ ಎಂದು. ನೋವು ಶಮನ, ಆಮ್ಲಜನಕ, ಫಿಟ್ಸ್‌ಗೆ ಔಷಧ ಕೊಡುತ್ತಾರೆ. ಶೇಕಡಾ 3ರ ಉಪ್ಪುನೀರಿನ ದ್ರಾವಣವನ್ನು ಕಿಲೋ ತೂಕಕ್ಕೆ 2ರಿಂದ 5 ಮಿಲಿಲೀಟರ್‌ನಂತೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಕೊಟ್ಟರೆ ಊದಿದ ಮಿದುಳಿನಿಂದ ನೀರು ಹೊರಬರುತ್ತದೆ. ಮ್ಯಾನಿಟಾಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಮೂತ್ರ ಹೆಚ್ಚಿಸಿ ರಕ್ತದೊತ್ತಡವನ್ನು ಇಳಿಸಬಹುದಾದ್ದರಿಂದ ರಕ್ತಸ್ರಾವದ ಮಗುವಿಗೆ ಒಗ್ಗದು. ಇನ್ನು ‘ಊತ ಇಳಿಯಲಿ’ ಎಂದು ಸ್ಟೆರಾಯ್ಡ್ ಚುಚ್ಚುಮದ್ದು ಕೊಡುವ ಹಳೆಯ ರೂಢಿಯೊಂದಿದೆ. ಅದು ಕೊನೆಯಾಗಬೇಕು. ತಲೆಗೆ ಪೆಟ್ಟಾದ ಹತ್ತು ಸಾವಿರ ವಯಸ್ಕರ ಮೇಲೆ ನಡೆದ ಕ್ರ್ಯಾಶ್ ಪ್ರಯೋಗದಲ್ಲಿ ಸ್ಟೆರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚಾಗಿದ್ದು 2004ರಲ್ಲೇ ಹೊರಬಂದಿತು. ಮಕ್ಕಳ ಮಾರ್ಗಸೂಚಿಗಳೂ ಈ ಉದ್ದೇಶಕ್ಕೆ ಅದನ್ನು ಒಪ್ಪುವುದಿಲ್ಲ.

ಮಲೆನಾಡಿನ ದಾರಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಸಾಗರದಿಂದ 70ರ ಆಸುಪಾಸು. ಹಳ್ಳಿಯಿಂದ ತಾಲ್ಲೂಕು ಕೇಂದ್ರ ಮುಟ್ಟುವ ದೂರ ಇದಕ್ಕೆ ಸೇರಿಸಬೇಕು. ಆಗುಂಬೆ ಕಡೆಯವರು ಘಾಟಿಯ 14 ತಿರುವು ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ತುಮರಿ, ಸಿಗಂದೂರು ಸೀಮೆಯವರು ಶರಾವತಿ ಹಿನ್ನೀರು ದಾಟಲು ಲಾಂಚ್‌ಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು. ತಲೆಗೆ ಪೆಟ್ಟಾದ ಮಗುವಿನ ಲೆಕ್ಕದಲ್ಲಿ ಅದು ಸಣ್ಣ ಸಂಗತಿಯಲ್ಲ.

ಪೆಟ್ಟಾದ ಮೊದಲ ಗಂಟೆಯೇ ಅಮೂಲ್ಯ ಎನ್ನುತ್ತಾರೆ. ನಮ್ಮಲ್ಲಿ ಆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಹೀಗಾಗಿ ದ್ವಿತೀಯ ಹಾನಿಯ ವಿರುದ್ಧದ ಕೆಲಸ ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್‌ನ ಬಾಗಿಲಲ್ಲಿ ಶುರುವಾದರೆ ತಡವಾಯಿತು; ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಶುರುವಾಗಬೇಕು. ‘ಅಲ್ಲಿ ಸ್ಕ್ಯಾನ್ ಇಲ್ಲ, ಅಲ್ಲಿಗೆ ಹೋಗಿ ಏನು ಪ್ರಯೋಜನ’ ಎಂದು ಪ್ರಜ್ಞೆಯಿಲ್ಲದ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ನೇರ ಶಿವಮೊಗ್ಗಕ್ಕೆ ಓಡಿಸುವುದು ಬಹಳ ಅಪಾಯದ ನಿರ್ಧಾರ. ದಾರಿಯಲ್ಲಿ ಮಗು ವಾಂತಿ ಮಾಡಿಕೊಂಡು ಅದು ಶ್ವಾಸನಾಳಕ್ಕೆ ಇಳಿದರೆ, ಆಮ್ಲಜನಕವಿಲ್ಲದೆ ಕಳೆಯುವ ಆ ಕೆಲವೇ ನಿಮಿಷ ಬಿದ್ದ ಪೆಟ್ಟಿಗಿಂತ ಹೆಚ್ಚು ಕೆಡುಕು ಮಾಡಬಲ್ಲವು. ಪ್ರಜ್ಞೆ ತಪ್ಪಿರುವ, ಉಸಿರಾಟ ಗೊರಗುಟ್ಟುತ್ತಿರುವ, ಫಿಟ್ಸ್ ನಿಲ್ಲದ, ರಕ್ತ ಸುರಿಯುತ್ತಿರುವ ಮಗುವನ್ನು ಮೊದಲು ಹತ್ತಿರದ ಆಸ್ಪತ್ರೆಗೇ ಒಯ್ಯಬೇಕು. ಆಮ್ಲಜನಕ ಹಚ್ಚಿ, ಉಸಿರಿನ ದಾರಿ ಭದ್ರಪಡಿಸಿ, ಸಕ್ಕರೆ ಪರೀಕ್ಷಿಸಿ, ಫಿಟ್ಸ್ ನಿಲ್ಲಿಸಿ, ರಕ್ತನಾಳ ಸಿಗದಿದ್ದರೆ ಮೊಣಕಾಲಿನ ಕೆಳಗಿನ ಮೂಳೆಯ ಮಜ್ಜೆಗೆ ಸೂಜಿ ಹಾಕಿ ದ್ರವ ಕೊಟ್ಟು, ಆಮೇಲೆ ಆಂಬುಲೆನ್ಸ್‌ನಲ್ಲಿ ಮುಂದಕ್ಕೆ ಕಳಿಸಬಹುದು. ಮಗು ಎಚ್ಚರವಾಗಿದ್ದು ಮಾತಾಡುತ್ತಿದ್ದರೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗುವುದಕ್ಕೆ ಅಡ್ಡಿಯಿಲ್ಲ. 108 ಸೇವೆ ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ ಇದೆ.

ಕಳಿಸಿಕೊಡುವ ಆಸ್ಪತ್ರೆಯ ಚೀಟಿಯಲ್ಲಿ ‘ತಲೆಗೆ ಪೆಟ್ಟು, ಮುಂದಿನ ಚಿಕಿತ್ಸೆಗೆ’ ಎಂದಷ್ಟೇ ಇದ್ದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಪೆಟ್ಟಾದ ಹೊತ್ತು, ಗಂಟೆಗಂಟೆಯ ಗ್ಲಾಸ್ಗೋ ಅಂಕ, ಪಾಪೆಯ ಸ್ಥಿತಿ, ಕೊಟ್ಟ ಔಷಧ ಮತ್ತು ಅದರ ಸಮಯ ಬೇಕು. ಮನೆಯವರು ಇದನ್ನು ಕೇಳಿ ಪಡೆಯಬೇಕು. ಹೊರಡುವ ಮುನ್ನ ಒಂದು ಫೋನ್ ಕರೆ ಮಾಡಲು ವೈದ್ಯರನ್ನು ವಿನಂತಿಸಿ.

ರಸ್ತೆ ಅಪಘಾತವಾದರೆ ಪೊಲೀಸ್ ಗೊಡವೆ ಎಂದು ಎಷ್ಟೋ ಜನ ಹಿಂಜರಿಯುತ್ತಾರೆ. ಚಿಕಿತ್ಸೆ ಮೊದಲು, ಕಾನೂನಿನ ವಿಧಿ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಿಗೆ ಬಂದ ದಾರಿಹೋಕರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಅದೇ ತಿದ್ದುಪಡಿ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸವಾರನಿಗೆ ಬಿಗಿಯುವ ಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಸ್ಕೂಟರಿನ ಮುಂದೆ ಬರಿತಲೆಯಲ್ಲಿ ನಿಂತ ಮಗುವನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬ್ರೇಕ್ ಹಾಕಿದರೆ ಮೊದಲು ಅಪ್ಪಳಿಸುವುದು ಅದರ ತಲೆ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ರಕ್ತ ಬರುವ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬುರುಡೆ ಒಳಕ್ಕೆ ಕುಸಿದಂತಿದ್ದರೆ ಅದರ ಮೇಲೆ ಒತ್ತದೆ ಅಂಚಿನಲ್ಲಿ ಹಿಡಿಯಿರಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು ಹಾಕಬೇಡಿ. ಎಬ್ಬಿಸಲೆಂದು ಕುಲುಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಹಿಡಿಯುವುದರಲ್ಲಿ ಹೊತ್ತು ಹೋಗುತ್ತದೆ. ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ಕಿವಿಯಿಂದ ನೀರು ಸೋರುತ್ತಿದ್ದರೆ ಹತ್ತಿ ತುರುಕಬೇಡಿ.

ನೋಯಿಸುವಂತೆ ಕಂಡರೂ ಕೇಳಲೇಬೇಕಾದ ಪ್ರಶ್ನೆಗಳಿವೆ. ಇನ್ನೂ ಹೊರಳಲಾರದ ಕೂಸು ಮಂಚದಿಂದ ತಾನೇ ಬಿದ್ದಿತು ಎಂದರೆ, ಹೇಳುವ ಕಥೆ ಗಳಿಗೆಗೊಂದು ರೀತಿ ಬದಲಾದರೆ, ಕಿವಿ, ಕತ್ತು, ಹೊಟ್ಟೆಯ ಮೇಲೆ ಹಳೆಯ ಕಲೆಗಳಿದ್ದರೆ ಯಾರಾದರೂ ಮಗುವನ್ನು ಹೊಡೆದಿರಬಹುದೇ, ಕುಲುಕಿರಬಹುದೇ ಎಂದು ವೈದ್ಯರು ಯೋಚಿಸುತ್ತಾರೆ. ಮಾತು ಬಾರದ ಕೂಸಿನ ಪರವಾಗಿ ಕೇಳುವವರು ಅವರಲ್ಲದೆ ಇನ್ನಾರಿದ್ದಾರೆ? ಅವಮಾನವೆಂದು ಭಾವಿಸಬೇಡಿ. ಮಕ್ಕಳ ಸಹಾಯವಾಣಿ 1098.

ಮನೆಗೆ ಹೋದ ಮೇಲೆ

ಮಗುವನ್ನು ಮಲಗಲು ಬಿಡಬಾರದು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ವೈದ್ಯರು ಪರೀಕ್ಷಿಸಿ ಕಳಿಸಿದ ಮೇಲೆ ಮಗು ತನ್ನ ಹೊತ್ತಿಗೆ ನಿದ್ದೆ ಮಾಡಬಹುದು. ಬಳಲಿದ ಮಗುವಿಗೆ ನಿದ್ದೆ ಬೇಕೇ ಬೇಕು. ಎಬ್ಬಿಸಿದರೆ ಎಂದಿನಂತೆ ಸಿಡುಕಿಕೊಂಡಾದರೂ ಏಳಬೇಕು, ಅಷ್ಟೇ. ಎಬ್ಬಿಸಲಾಗದಿದ್ದರೆ, ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಾ ಹೋದರೆ, ನಡಿಗೆ ತೂರಾಡಿದರೆ, ಫಿಟ್ಸ್ ಬಂದರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಬಂದರೆ ಕೂಡಲೇ ಆಸ್ಪತ್ರೆಗೆ ಮರಳಬೇಕು. ನೋವಿಗೆ ವೈದ್ಯರು ತೂಕ ನೋಡಿ ಬರೆದ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ.

ಮಿದುಳು ಅಲುಗಿದ ಮಗು ಒಂದೆರಡು ದಿನ ವಿಶ್ರಾಂತಿ ಪಡೆಯಬೇಕು, ಮೊಬೈಲ್ ಮತ್ತು ಟಿ.ವಿ. ಕಡಿಮೆ ಮಾಡಬೇಕು. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಕೂರಿಸುವುದು ಬೇಕಿಲ್ಲ. ಎರಡು ದಿನದ ಬಳಿಕ ನಡಿಗೆ, ಓದು, ಸಣ್ಣ ಆಟ ನಿಧಾನವಾಗಿ ಮರಳಲಿ. ಬೀಳುವ, ಡಿಕ್ಕಿಯಾಗುವ ಆಟಗಳಿಗೆ ಮಾತ್ರ ಲಕ್ಷಣಗಳೆಲ್ಲ ಹೋಗಿ ವೈದ್ಯರು ಒಪ್ಪಿದ ಮೇಲೆಯೇ ಅನುಮತಿ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ ಅದು ಬಹಳ ಕೆಟ್ಟದ್ದು. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಆದರೆ ಅಷ್ಟರವರೆಗೆ ಪಾಠದಲ್ಲಿ ಗಮನ ನಿಲ್ಲದಿರುವುದು, ಮಧ್ಯಾಹ್ನ ತಲೆ ಸಿಡಿಯುವುದು, ಸಣ್ಣದಕ್ಕೂ ಅಳು ಬರುವುದು ಸಾಮಾನ್ಯ. ತಲೆಯ ಗಾಯ ಒಣಗಿರುವುದರಿಂದ ಮೇಷ್ಟರಿಗೆ ಅದು ಸೋಮಾರಿತನದಂತೆ ಕಾಣಬಹುದು. ಶಾಲೆಗೆ ಕಳಿಸುವ ಮೊದಲ ದಿನವೇ ಜೊತೆಯಲ್ಲಿ ಹೋಗಿ ಬಿದ್ದ ವಿಷಯ ತಿಳಿಸಿ, ನಡುವೆ ಹತ್ತು ನಿಮಿಷ ತಲೆ ಒರಗಿಸಲು ಬಿಡುವಂತೆ ಕೇಳಿಕೊಳ್ಳಿ. ಒಂದು ತಿಂಗಳು ಕಳೆದರೂ ಹೀಗೆಯೇ ಇದ್ದರೆ ಮಗುವನ್ನು ಮತ್ತೆ ವೈದ್ಯರಿಗೆ ತೋರಿಸಬೇಕು.